ಸುಖಾಗಮನ ಬಯಸುವವರು

"ಕೀಬೋರ್ಡ್ ಛಲೋ ಐತ್ರಿ ಅಕ್ಕಾರ, ಕೇಬಲ್ಲೂ ಬದಲ್ ಮಾಡೇನಿ," ಎಂದ ರಿಪೇರಿಗೆ ಬಂದಿದ್ದ ಮೌನೇಶ. "ನಾ ಹೊಡದ್ರ ಅಕ್ಷರ ನಿಲ್ತಾವು, ನೀವು ಹೊಡದ್ರ ಅಳಿಸಿ ಹೋಗ್ತಾವು. ಇದು ಒಳಗಿನವರ ಕೆಲಸ."

ಒಳಗಿನವರೆಂದರೆ ಸುಮಂಗಲಾಳ ಅತ್ತೆ ಚನ್ನಬಸವ್ವ. ಸತ್ತವರು ತಾವು ದುಡಿದ ಯಂತ್ರದಲ್ಲಿ ಒಂದು ವರ್ಷ ಇದ್ದು ಹೋಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಕೆಲವರು ಹೊಲಿಗೆ ಯಂತ್ರದಲ್ಲಿ, ಕೆಲವರು ಹಿಟ್ಟಿನ ಗಿರಣಿಯಲ್ಲಿ. ಈ ಪ್ರೆಸ್ಸಿನ ಒಡತಿಯಾಗಿದ್ದ ಚನ್ನಬಸವ್ವ ತನ್ನ ಹಳೆಯ ಟೈಪಿಂಗ್ ತಂತ್ರಾಂಶದಲ್ಲಿ ಕೂತಿದ್ದಳು.

"ಏನ್ ಹೊಡೀತಿದ್ರಿ?"

"ಮಗಳ ಲಗ್ನಪತ್ರ."

ಮೌನೇಶ ಪರದೆ ನೋಡಿದ. "ಸುಖಾಗಮನ ಬಯಸುವವರೊಳಗ ಅವರ ಹೆಸರಽ ಇಲ್ಲಲ್ರಿ!"

"ನಾ ಮಾಡಿದ ಅಡಿಗಿಗೆ ದಿನಾ ಹೆಸರಿಟ್ಟಾಕಿ. ಆಕಿ ಹೆಸರು ನಾ ಯಾಕ ಹಾಕ್ಲಿ?"

ಆದರೆ ಸಂಜೆಯೊಳಗೆ ಕಾರ್ಡು ಅಚ್ಚಾಗಲೇಬೇಕಿತ್ತು. ಸುಮಂಗಲಾ ಹಲ್ಲು ಕಚ್ಚಿ 'ದಿವಂಗತ ಚನ್ನಬಸವ್ವ' ಎಂದು ಹೊಡೆದಳು. ಹೆಸರು ನಿಂತಿತು, 'ದಿವಂಗತ' ಅಳಿಸಿಹೋಯಿತು. ಮತ್ತೆ ಹೊಡೆದಳು. ಮತ್ತೆ ಅಳಿಸಿತು.

"ಸತ್ರೂ ಸತ್ತೇನಿ ಅಂತ ಒಪ್ಪಂಗಿಲ್ಲಲ್ಲ ನೀ!"

"ಇರ್ಲಿ ಬಿಡ್ರಿ, ಹಂಗಽ ಅಚ್ಚು ಹಾಕ್ರಿ," ಎಂದ ಮೌನೇಶ.

ಹಾಗೆಯೇ ಹಾಕಿದಳು. ಪ್ರಿಂಟರಿನಿಂದ ಕಾರ್ಡುಗಳು ಬಿಸಿಬಿಸಿಯಾಗಿ ಹೊರಬಂದವು. ಪರದೆಯ ಮೇಲೆ ಕರ್ಸರ್ ಗೆದ್ದವರ ಕಣ್ಣಿನಂತೆ ಮಿನುಗುತ್ತಿತ್ತು.

ಸುಮಂಗಲಾ ಎದುರಿನ ಅಂಗಡಿಗೆ ಹೋಗಿ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿ ತಂದಳು. ಪರದೆಯ ಎದುರಿಗೇ ಕುರ್ಚಿ ಎಳೆದು ಕೂತು, ಒಂದೊಂದೇ ಕಾರ್ಡಿನ ಮೇಲೆ, ಅತ್ತೆಯ ಹೆಸರಿನ ಪಕ್ಕಕ್ಕೆ, 'ದಿವಂಗತ' ಎಂದು ಕುಟ್ಟತೊಡಗಿದಳು.

"ಈಗ ಅಳಸು ನೋಡೋಣು."