ಎರವಲು ತಂದ ಕೊಲ್ಲಿ

ಗಂಡನ ತಿಥಿ ಮುಗಿದ ಮರುದಿನ ಬೆಳಿಗ್ಗೆ ಮುಕ್ತಾ ಅವನ ಕುರ್ಚಿಯಲ್ಲಿ ಕೂತಳು. ಕಡಲಿನ ಆಳ ಅಳೆಯುವ ಹಡಗಿನ ದಾರಿಯನ್ನು ಅವನು ಭೂಪಟದಲ್ಲಿ ಗೆರೆಯಾಗಿಸುತ್ತಿದ್ದ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪಿಸಿದರೆ ಪಟ ಸರಿದಂತೆಯೇ ಹೊರಗಿನ ನಿಜವಾದ ಕಡಲೂ ಸರಿಯುತ್ತಿತ್ತು. ಹಡಗು ತಿರುಗಲು ಜಾಗ ಸಾಲದೆ ಪಕ್ಕದೂರಿನ ಕೊಲ್ಲಿಯನ್ನೇ ಎರವಲು ತಂದಿದ್ದ.

ಆ ಊರಿನ ಗುಲಾಬಕ್ಕ ಬಾಗಿಲಿಗೆ ಬಂದಳು. "ತಂಗೀ, ನಮ್ಮ ದೋಣಿಯೆಲ್ಲ ಕೆಸರಲ್ಲೇ ಕೂತದೆ. ಏಡಿಗಳು ನಮ್ಮನ್ನ ನೋಡಿ ನಗತಾವೆ, ಮಾರಾಯ್ತಿ!"

ಕೊಲ್ಲಿ ಹಿಂದಕ್ಕೆ ಕೊಟ್ಟರೆ ಅವನೆಳೆದ ಕೊನೆಯ ಗೆರೆ ಅಳಿಸಿಹೋಗುತ್ತದೆ. ಆ ಗೆರೆಯಲ್ಲಿ ಅವನು ಹಡಗನ್ನು ಬರೀ ಖುಷಿಗೆಂದು ಮೂರು ಸುತ್ತು ತಿರುಗಿಸಿದ್ದ. ಮುಕ್ತಾ ಕೊಲ್ಲಿಯ ಹಳೆಯ ಜಾಗದ ಅಂಕಿಗಳನ್ನು ಟೈಪಿಸಿ, ಕಣ್ಣು ಮುಚ್ಚಿ ಗುಂಡಿ ಒತ್ತಿದಳು.

ಅಕ್ಷಾಂಶ ರೇಖಾಂಶ ಅದಲುಬದಲಾಗಿ ಕೊಲ್ಲಿ ಧ್ರುವದ ಹಿಮಕ್ಕೆ ಹಾರಿತು.

"ಅಯ್ಯೋ, ಎಲ್ಲಿಗೆ ಕಳಿಸ್ದೆ ಮಾರಾಯ್ತಿ?"

ಇಷ್ಟು ದಿನ ಅಳುವೂ ಬಾರದಿದ್ದ ಮುಕ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂಕಿ ತಿದ್ದಿದಳು. ಎರವಲು ಪಾತ್ರೆಯನ್ನು ಬರಿದಾಗಿ ಮರಳಿಸುವ ರೂಢಿ ಆ ಊರುಗಳಲ್ಲಿಲ್ಲ. ಧ್ರುವದಲ್ಲಿ ಬೆಪ್ಪಾಗಿ ನೋಡುತ್ತಿದ್ದ ಒಂದು ಬಿಳಿ ತಿಮಿಂಗಿಲದ ಸಮೇತ ಕೊಲ್ಲಿಯನ್ನು ಹಿಂದಿರುಗಿಸಿದಳು.