ಬಾಚಣಿಗೆಯ ಪೇಟೆಂಟ್

ಮೂರನೇ ಮಹಡಿ ದಾಟಿದ ಲಿಫ್ಟ್ ಗಕ್ಕನೆ ನಿಂತಾಗ ಲಿಫ್ಟ್ ಕಂಪನಿಯೊಂದರ ವಕೀಲ ಸೋಮಯಾಜಿಯವರ ಎದೆ ಧಸಕ್ಕೆಂದಿತು. ಪಕ್ಕದಲ್ಲಿದ್ದವನು ಲಿಫ್ಟ್ ರಿಪೇರಿಯ ಮುದ್ದಾಚಾರಿ ಎಂದು ಗೊತ್ತಾದ ಮೇಲೆ ಹೋದ ಜೀವ ಬಂದಂತಾಯಿತು. ಅವನು ಜೇಬಿನಿಂದ ಬಾಚಣಿಗೆ ತೆಗೆದು ಬಾಗಿಲ ಸಂದಿಗೆ ಹಿಡಿದ.

ಕೂಡಲೇ ಸೋಮಯಾಜಿಯವರೊಳಗಿನ ವಕೀಲ ಎದ್ದು ಕೂತ. "ತೆಗೀರಿ ಕೈ! ಬಾಚಣಿಗೆ ಹಾಕಿ ಬಾಗಿಲು ಬಿಡಿಸೋದು ನಮ್ಮ ಕಂಪನಿಯ ಪೇಟೆಂಟ್. ಕೇಸ್ ಹಾಕಬೇಕಾಗುತ್ತೆ."

"ಹಂಗಾ ಸ್ವಾಮಿ? ಹಂಗಾದ್ರೆ ನೀವೇ ಬಿಡಿಸಿ." ಮುದ್ದಾಚಾರಿ ಬಾಚಣಿಗೆಯನ್ನು ಅವರ ಕೈಗಿತ್ತು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ವಕೀಲರು ತಿವಿದೇ ತಿವಿದರು. ಬಾಚಣಿಗೆ ಮುರಿಯಿತೇ ಹೊರತು ಬಾಗಿಲು ಜಪ್ಪಯ್ಯ ಅಂದರೂ ಕದಲಲಿಲ್ಲ. ಅಷ್ಟರಲ್ಲಿ ಫ್ಯಾನೂ ನಿಂತಿತು. ಕರಿಕೋಟಿನೊಳಗೆ ಬೆವರು ಧಾರಾಕಾರವಾಗಿ ಇಳಿಯತೊಡಗಿತು.

"ಆಚಾರ್ರೇ, ನಿಮ್ಮ ದಮ್ಮಯ್ಯ, ಬೇರೆ ಉಪಾಯ ಏನಾದ್ರೂ ಇದೆಯಾ?"

"ಇದೆ ಸ್ವಾಮಿ. ನಾನೇ ಕಂಡುಹಿಡಿದದ್ದು. ಒಂದೇ ನಿಮಿಷದ ಕೆಲಸ."

"ಮಾಡ್ರಪ್ಪ ಮತ್ತೆ!"

"ಹೆಂಗೆ ಮಾಡ್ಲಿ? ಪೇಟೆಂಟಿಗೆ ಅರ್ಜಿ ಹಾಕೋ ಮುಂಚೆ ಯಾರ ಎದುರಿಗೂ ಮಾಡಿ ತೋರಿಸಬಾರದಂತೆ, ಕಾನೂನು. ಪೇಟೆಂಟ್ ಆಫೀಸು ಇಲ್ಲೇ ಐದನೇ ಮಹಡೀಲಿದೆ. ಅಲ್ಲಿಗೇ ಹೊರಟಿದ್ದೆ."