ಹಂಸಾ ಕೆಲಸ ಬಿಟ್ಟ ದಿನ

"ಮೇಡಂ, ನಾನು ಕೆಲಸ ಬಿಡ್ತಿದೀನಿ. ಸ್ವಂತ ಕಂಪನಿ ಶುರು ಮಾಡ್ತೀನಿ. ಕೈಲಾಸ್ ಕೂಡ ನನ್ ಜೊತೆ ಬರ್ತಿದಾನೆ," ಎಂದು ಹಂಸಾ ಒಂದೇ ಉಸಿರಿಗೆ ಹೇಳಿಬಿಟ್ಟಳು. ಕಾಫಿ ಲೋಟ ತುಟಿಗೆ ಒಯ್ಯುತ್ತಿದ್ದ ಶೈಲಜಮ್ಮನವರ ಕೈ ಅಲ್ಲೇ ನಿಂತಿತು. ಉಪಗ್ರಹಗಳಿಗೆ ಸೆನ್ಸರ್ ಮಾಡುವ ಅವರ ಬಸವನಗುಡಿಯ ಪುಟ್ಟ ಕಂಪನಿಯಲ್ಲಿ ಹಂಸಾಳಿಗೆ ಕೆಲಸ ಕಲಿಸಿದವರೇ ಅವರು. ಈಗ ಅವಳು ತಾನು ಹೋಗುವುದಲ್ಲದೆ ಇನ್ನೊಬ್ಬ ಒಳ್ಳೆಯ ಎಂಜಿನಿಯರನ್ನೂ ಕರೆದುಕೊಂಡು ಹೊರಟಿದ್ದಳು.

"ಎಲ್ಲಿ ಆಫೀಸು?"

"ಎನ್.ಆರ್. ಕಾಲೋನೀಲಿ. ನಿಮ್ಗೆ ಪೈಪೋಟಿ ಆಗಲ್ಲ ಮೇಡಂ, ನಾವು ಬರೀ ಚಿಪ್ ಡಿಸೈನ್ ಮಾಡ್ತೀವಿ."

"ಇವತ್ತು ಆಗಲ್ಲ, ನಾಳೆ ಆಗುತ್ತೆ. ನಾನೂ ಹಿಂಗೇ ಹೇಳಿದ್ದೆ," ಎನ್ನುತ್ತ ಶೈಲಜಮ್ಮ ಲೋಟ ಕೆಳಗಿಟ್ಟು ಫೋನು ಕೈಗೆತ್ತಿಕೊಂಡರು. ವಕೀಲರಿಗೇ ಫೋನ್ ಮಾಡುತ್ತಿದ್ದಾರೆ ಅಂದುಕೊಂಡಳು ಹಂಸಾ.

ಅವರು ಮಾಡಿದ್ದು ದೊಡ್ಡಬೈರಪ್ಪನವರಿಗೆ. ಚಾಮರಾಜಪೇಟೆಯಲ್ಲಿ ರೇಡಿಯೊ ಬಿಡಿಭಾಗ ತಯಾರಿಸುತ್ತಿದ್ದ ಅವರ ಹತ್ತಿರವೇ ಶೈಲಜಮ್ಮ ಮೊದಲು ಕೆಲಸಕ್ಕೆ ಸೇರಿದ್ದು. ಸ್ವಂತ ಕಂಪನಿ ಶುರು ಮಾಡಲು ಹೀಗೇ ಒಂದು ದಿನ ಅವರನ್ನು ಬಿಟ್ಟು ಬಂದದ್ದು.

"ಸಾರ್, ನಾನು ಶೈಲಜಾ. ಅವತ್ತು ನಾನು ಬಿಟ್ಟು ಹೋಗ್ತೀನಿ ಅಂದಾಗ ನಿಮಗೆ ಹೆಂಗಾಗಿತ್ತು ಅಂತ ಈಗ ಗೊತ್ತಾಯ್ತು," ಎಂದರು. ಆಮೇಲೆ ಹಂಸಾಳತ್ತ ನೋಡಿ ಬಾಯ್ತುಂಬ ನಕ್ಕರು. "ನಿಮಗೊಬ್ಬಳು ಮೊಮ್ಮಗಳು ಹುಟ್ಟಿದಾಳೆ ಸಾರ್. ಇಲ್ಲೇ ಇದಾಳೆ, ಆಶೀರ್ವಾದ ಮಾಡಿ," ಎಂದು ಫೋನನ್ನು ಹಂಸಾಳ ಕೈಗಿತ್ತರು.